ನಾಲ್ಕು ಗಾಡಿಗಳ ಮನೆ

ತುಂಗಕ್ಕನ ಮಾತು ನಿಂತುಹೋದ ಬೆಳಿಗ್ಗೆ ನಮ್ಮ ಮನೆಯಲ್ಲಿದ್ದದ್ದು ಒಂದೇ ಕಾರು, ಅದೂ ಮಲಗಿತ್ತು. ಮಲಗಿ ನಾಲ್ಕೈದು ದಿನವಾಗಿತ್ತು. ನಾನು ಅದಕ್ಕೆ ಹಳೆಯ ಜಮಖಾನ ಹೊದಿಸಿ, ಮೇಲೊಂದು ಬೇವಿನ ಟೊಂಗೆ ಇಟ್ಟು ಸುಮ್ಮನಾಗಿದ್ದೆ. ನಮ್ಮೂರಿನಲ್ಲಿ ಮಲಗಿದ ಗಾಡಿಯನ್ನು ಎಬ್ಬಿಸಲು ಯಾರೂ ಹೋಗುವುದಿಲ್ಲ. ತಳ್ಳಿದರೆ ಇನ್ನಷ್ಟು ದಿನ ಮಲಗುತ್ತದೆ. ಬಾನೆಟ್ ಎತ್ತಿ ನೋಡಿದರೆ ಒಳಗೆಲ್ಲ ಸರಿಯಾಗಿಯೇ ಇರುತ್ತದೆ. ತನಗೆ ಸಾಕೆನಿಸಿದ ದಿನ ತಾನೇ ಏಳುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ವಾರಗಟ್ಟಲೆ ಓಡುತ್ತದೆ.

ಅಕ್ಕ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬರುತ್ತಿದ್ದಳು. ನಡುಮನೆಯಲ್ಲಿ ನಿಂತು ನನಗೇನೋ ಹೇಳಲು ಬಾಯಿ ತೆರೆದಳು. ಬಾಯಿ ಒಂದು ಕಡೆಗೆ ವಾಲಿತು, ಲೋಟ ಬಿತ್ತು. ನಾನು ಹಿಡಿದುಕೊಳ್ಳುವಷ್ಟರಲ್ಲಿ ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತಳು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಎದುರುಮನೆಯ ಸೋಮಶೇಖರಯ್ಯನವರ ಕಾರು ಎದ್ದಿತ್ತು. ಅವರು ಬನಿಯನ್ನಿನಲ್ಲೇ ಓಡಿಬಂದು, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೆಳಪೇಟೆಯ ಆಸ್ಪತ್ರೆಗೆ ಮುಟ್ಟಿಸಿದರು. ಜೀವಕ್ಕೆ ಬಂದಾಗ ಯಾರ ಗಾಡಿಯಾದರೂ ನಮ್ಮದೇ. ಉಳಿದ ದಿನಗಳಲ್ಲಿ ಬೇರೆಯವರ ಎದ್ದ ಗಾಡಿಯನ್ನು ಕೇಳಬಾರದು. ಅವರ ಮನೆಯಲ್ಲೂ ಶಾಲೆ, ಕಚೇರಿ, ಹಾಲು, ಔಷಧಿ ಎಲ್ಲ ಅದೊಂದನ್ನೇ ಕಾದು ಕೂತಿರುತ್ತವೆ.

ನಮ್ಮೂರು ಒಂದು ಉದ್ದನೆಯ ಗುಡ್ಡದ ಮೇಲೂ ಅದರ ಬುಡದಲ್ಲೂ ಹರಡಿಕೊಂಡಿದೆ. ಮೇಲ್ಪೇಟೆಯಲ್ಲಿ ಮನೆಗಳು, ಶಾಲೆ, ನನ್ನ ಹೊಲಿಗೆ ಅಂಗಡಿ. ಕೆಳಪೇಟೆಯಲ್ಲಿ ಆಸ್ಪತ್ರೆ, ಕಚೇರಿ, ಸಂತೆ. ನಡುವೆ ಸುತ್ತಿ ಸುತ್ತಿ ಇಳಿಯುವ ದಾರಿ. ಹಿಂದೆ ಒಂದು ಬಸ್ಸಿತ್ತಂತೆ. ಜನ ತುಂಬಿದ ಬಸ್ಸು ಒಂದು ತಿರುವಿನಲ್ಲಿ ಅಡ್ಡಡ್ಡ ಮಲಗಿಬಿಟ್ಟು, ಅದು ಏಳುವವರೆಗೂ ಊರು ಎರಡು ಹೋಳಾಗಿತ್ತಂತೆ. ಆಮೇಲೆ ಯಾರೂ ಬಸ್ಸಿನ ಮಾತೆತ್ತಲಿಲ್ಲ. ಹೊಸ ಕಾರುಗಳೂ ನಮಗೆ ಆಗಿಬರುವುದಿಲ್ಲ. ಹೊಸದು ಊರೊಳಗೆ ಬಂದ ಕೂಡಲೇ ಮಲಗುತ್ತದೆ, ಒಮ್ಮೊಮ್ಮೆ ವರ್ಷವಾದರೂ ಏಳುವುದಿಲ್ಲ. ಹಾಗಾಗಿ ಎಲ್ಲರದ್ದೂ ಹಳೆಯ ಕಾರುಗಳೇ. ಓಡಿ ಓಡಿ ಬಣ್ಣ ಹೋದವು, ಬಾಗಿಲಿಗೆ ಹಗ್ಗ ಕಟ್ಟಿದವು. ಅವು ಕಡಿಮೆ ಮಲಗುತ್ತವೆ. ಕಚೇರಿಯಲ್ಲಿ "ಗಾಡಿ ಮಲಗಿದೆ" ಎಂದರೆ ರಜೆ ಸಿಗುತ್ತದೆ. ಮದುವೆಯ ಕಾಗದದಲ್ಲಿ ಮುಹೂರ್ತದ ಕೆಳಗೆ "ಗಾಡಿ ಮಲಗಿದವರು ಮಾರನೆಯ ದಿನ ಬಂದು ಹರಸಬಹುದು" ಎಂದು ಅಚ್ಚು ಹಾಕಿಸುತ್ತಾರೆ. ಒಂದು ಗಾಡಿ ಇಟ್ಟವನು ಧೈರ್ಯವಂತ, ಎರಡಿಟ್ಟವನು ಗೃಹಸ್ಥ, ಮೂರಿಟ್ಟವನು ಪುಕ್ಕಲ ಎಂದು ಊರಲ್ಲೊಂದು ಮಾತಿದೆ. ಅದಕ್ಕಿಂತ ಹೆಚ್ಚು ಇಟ್ಟವನ ಬಗ್ಗೆ ಮಾತೇ ಇಲ್ಲ, ಯಾಕೆಂದರೆ ಯಾರೂ ಇಟ್ಟಿರಲಿಲ್ಲ.

ನಾವು ಅಕ್ಕ ತಮ್ಮ ಧೈರ್ಯವಂತರಾಗಿಯೇ ಬಹಳ ಕಾಲ ಬದುಕಿದೆವು. ನನ್ನ ಹೆಂಡತಿ ಬೇಗನೆ ತೀರಿಕೊಂಡಳು. ಅಕ್ಕ ಮದುವೆಯೇ ಆಗಲಿಲ್ಲ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಲ್ಲಿ ಯಾರು ಫೋನೆತ್ತಿದರೂ ಮೊದಲು ಕೇಳುವುದು ಅವಳ ದನಿ. ಅವಳು ತಂತಿ ಚುಚ್ಚಿಕೊಟ್ಟರೆ ಮಾತ್ರ ಮುಂದಿನ ಮಾತು. ನಿವೃತ್ತಿಯಾದ ಮೇಲೂ ಅವಳ ಬಾಯಿಗೆ ಬಿಡುವಿರಲಿಲ್ಲ. ಜಗುಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದಳು. ನಾನು ಅಷ್ಟು ಮಾತಿನವನಲ್ಲ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದುದರಿಂದ ನನಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಅಕ್ಕನ ಬಾಯಿ ನೆಟ್ಟಗಾಗಿತ್ತು. ಬಲಗೈಯಲ್ಲಿ ಕಸುವಿರಲಿಲ್ಲ, ಕೋಲು ಹಿಡಿದು ನಿಧಾನವಾಗಿ ನಡೆಯುತ್ತಿದ್ದಳು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಬಾಯಿಂದ ಬರುತ್ತಿದ್ದದ್ದು "ಅದು" ಎಂಬ ಒಂದೇ ಮಾತು. ನೀರು ಬೇಕಾದರೂ ಅದು, ಬೆಕ್ಕು ಹಾಲು ಕುಡಿದರೂ ಅದು, ನನ್ನ ಮೇಲೆ ಸಿಟ್ಟು ಬಂದರೂ ಅದು. ನನಗೆ ತಿಳಿಯದೆ ತಬ್ಬಿಬ್ಬಾದರೆ ಎಡಗೈಯಿಂದ ಮಂಚವನ್ನು ಬಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ನಸೀಮಾ ಎಂಬ ಹುಡುಗಿ ಇದ್ದಳು. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಕನ್ನಡಿ, ಚಿತ್ರಗಳ ಕಟ್ಟು. ಮೊದಲ ದಿನವೇ ನನ್ನನ್ನು ಹೊರಗೆ ಕರೆದು ಹೇಳಿದಳು: "ನೋಡಿ ಶೇಷಗಿರಿಯವರೇ, ಈಗಿನ ತಿಂಗಳುಗಳು ಬಹಳ ಮುಖ್ಯ. ದಿನಾ ಕರ್ಕೊಂಡು ಬನ್ನಿ. ಒಂದು ದಿನಾನೂ ತಪ್ಪಿಸ್ಬೇಡಿ. ಗಾಡಿ ಮಲಗಿತ್ತು ಅಂತ ಮಾತ್ರ ಹೇಳ್ಬೇಡಿ. ಎಲ್ಲರೂ ಅದನ್ನೇ ಹೇಳ್ತಾರೆ, ಅವರ ಮಾತು ಅಲ್ಲೇ ನಿಂತ್ಹೋಗುತ್ತೆ."

"ಆಗಲಿ ಮೇಡಂ," ಎಂದೆ. ಬೇರೆ ಏನು ಹೇಳಲಿ?

ಮೊದಲ ವಾರ ನಮ್ಮ ಬೂದು ಕಾರು ಮರ್ಯಾದೆಯಿಂದ ಓಡಿತು. ವಾರದ ಕೊನೆಗೆ ಅಕ್ಕ ಬಿಂದಿಗೆಯ ಚಿತ್ರ ನೋಡಿ "ನೀರು" ಎಂದಳು. ನಸೀಮಾ ಚಪ್ಪಾಳೆ ತಟ್ಟಿದಳು. ದಾರಿಯುದ್ದಕ್ಕೂ ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತ "ನೀರು, ನೀರು" ಎನ್ನುತ್ತಲೇ ಬಂದಳು. ಮಾರನೆಯ ಬೆಳಿಗ್ಗೆ ಕಾರು ಮಲಗಿತು. ಅದು ಏಳಲು ಮುಂದಿನ ವಾರವಾಯಿತು. ಮನೆಯಲ್ಲಿ ನಾನು ಲೋಟ ತೋರಿಸಿ, ತಂಬಿಗೆ ತೋರಿಸಿ, ಕೇಳಿದೆ. ಅಕ್ಕನ ತುಟಿ ಆ ಮಾತನ್ನು ಹುಡುಕುತ್ತಿತ್ತು, ಸಿಗಲಿಲ್ಲ. ಮತ್ತೆ ನಸೀಮಾಳ ಎದುರು ಕೂತಾಗ ಬಿಂದಿಗೆಯ ಚಿತ್ರ ನೋಡಿ "ಅದು" ಎಂದಳು. ಎಂದವಳು ತಾನೇ ತಲೆ ತಗ್ಗಿಸಿದಳು.

ಅದೇ ಸಂಜೆ ನಾನು ಕರಿಬಸಣ್ಣನ ಹತ್ತಿರ ಹೋದೆ. ಹಳೆಯ ಕಾರು ಮಾರುವವನು ಅವನು. ಮೇಲ್ಪೇಟೆಯ ಕೊನೆಯಲ್ಲಿ ಅವನದೊಂದು ಬಯಲು, ಅಲ್ಲಿ ಕಾರುಗಳು ಸಾಲಾಗಿ ನಿಂತೋ ಮಲಗಿಯೋ ಇರುತ್ತವೆ. ಯಾವುದು ಎದ್ದಿದೆ ಎಂದು ಅವನಿಗೆ ಮಾತ್ರ ಗೊತ್ತು. ನನ್ನ ಕಷ್ಟ ಕೇಳಿ ಲೊಚಗುಟ್ಟಿದ.

"ಒಂದು ಗಾಡೀಲಿ ಸಂಸಾರ ಮಾಡೋ ಕಾಲ ಹೋಯ್ತು ಶೇಷಣ್ಣ. ಒಂದು ಮಲಗಿದ್ರೆ ಇನ್ನೊಂದು ಎದ್ದಿರ್ಬೇಕು. ಈ ಕೆಂಪು ಗಾಡಿ ತಗೊಂಡು ಹೋಗಿ. ಹೆಣ್ಣುಮಕ್ಕಳು ಓಡಿಸಿದ ಗಾಡಿ, ಬಲು ಸಾಧು."

ಅವನ ಮಗಳ ಮದುವೆಯ ರವಿಕೆ, ಲಂಗ, ಗಂಡಿನ ಕಡೆಯವರ ಅಂಗಿಗಳನ್ನೆಲ್ಲ ಹೊಲಿದುಕೊಡುವ ಮಾತಿನ ಮೇಲೆ ಕೆಂಪು ಕಾರು ಮನೆಗೆ ಬಂತು. ಒಂದು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಬೂದು ಮಲಗಿದಾಗ ಕೆಂಪು, ಕೆಂಪು ಮಲಗಿದಾಗ ಬೂದು. ನೀರು ಮರಳಿ ಬಂತು, ಹಸು ಬಂತು, ಮರ ಬಂತು. ಆಮೇಲೆ ಒಂದು ಸೋಮವಾರ ಎರಡೂ ಒಟ್ಟಿಗೆ ಮಲಗಿದವು, ಅಕ್ಕಪಕ್ಕದಲ್ಲಿ, ಎರಡು ಎಮ್ಮೆಗಳ ಹಾಗೆ. ನಾನು ಒಂದರ ಕೀಲಿ ತಿರುಗಿಸುವುದು, ಇನ್ನೊಂದರ ಕೀಲಿ ತಿರುಗಿಸುವುದು. ಅಕ್ಕ ಸೀರೆಯುಟ್ಟು, ತಲೆ ಬಾಚಿಸಿಕೊಂಡು, ಕೋಲು ಹಿಡಿದು ಜಗುಲಿಯ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದಳು.

"ಎರಡೇ ಇದ್ರೆ ಒಂದನ್ನೊಂದು ನೋಡ್ಕೊಂಡು ಮಲಗ್ತವೆ," ಎಂದ ಕರಿಬಸಣ್ಣ. "ಮೂರಾದ್ರೆ ಒಂದಕ್ಕಾದ್ರೂ ನಾಚಿಕೆ ಇರುತ್ತೆ."

ಬಿಳಿಯ ಕಾರು ಬಂತು. ಮಳೆಗಾಲದ ಮೊದಲಲ್ಲಿ ಮೂರೂ ಮಲಗಿದವು. ನೀಲಿಯೂ ಬಂತು. ಕೊನೆಯ ಎರಡಕ್ಕೆ ನಾನು ಅಂಗಡಿಯ ಹೊಸ ಹೊಲಿಗೆ ಯಂತ್ರವನ್ನು ಅವನಿಗೆ ಬಿಟ್ಟುಕೊಟ್ಟೆ, ಹಳೆಯದು ಸಾಕು ಎಂದುಕೊಂಡು. ಮನೆಯ ಮುಂದೆ ಜಾಗ ಸಾಲದೆ ಅಕ್ಕ ಬೆಳೆಸಿದ್ದ ಕನಕಾಂಬರದ ಮಡಿಯನ್ನು ಕಿತ್ತೆ. ಸೋಮಶೇಖರಯ್ಯನವರು ತಮ್ಮ ಬಾಗಿಲಲ್ಲಿ ನಿಂತು, "ಏನ್ರೀ ಶೇಷಗಿರಿ, ಸಂತೆ ಹಾಕ್ತಿದ್ದೀರಾ?" ಎಂದು ನಕ್ಕರು. ಊರಿನವರು ನಮ್ಮದನ್ನು ನಾಲ್ಕು ಗಾಡಿಗಳ ಮನೆ ಎಂದು ಕರೆಯತೊಡಗಿದರು. ಮಕ್ಕಳಿಗೆ ಗುರುತು ಹೇಳುವಾಗಲೂ ಅದೇ ಹೆಸರು.

ಒಂದು ಮಾತು ನಿಜ, ಆಮೇಲೆ ನಾವು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ನಾಲ್ಕು ಹಳೆಯ ಕಾರುಗಳೆಂದರೆ ನಾಲ್ಕು ಹಳೆಯ ಜೀವಗಳು. ಒಂದಕ್ಕೆ ನೀರು ಸೋರಿದರೆ ಇನ್ನೊಂದಕ್ಕೆ ಎಣ್ಣೆ. ಕೆಂಪು ಕಾರಿನ ಬ್ಯಾಟರಿ, ಬಿಳಿಯದರ ಟೈರು, ಮಲಗಿದ್ದಕ್ಕೆ ಹೊದಿಕೆ, ಎದ್ದಿದ್ದಕ್ಕೆ ಪೆಟ್ರೋಲು. ಬೆಳಕು ಹರಿಯುತ್ತಲೇ ಎದ್ದು ಒಂದೊಂದರ ಕೀಲಿ ತಿರುಗಿಸಿ ನೋಡುವುದು ನನ್ನ ಸುಪ್ರಭಾತವಾಯಿತು. ಅಂಗಡಿಗೆ ಹೋಗುವುದು ಕಡಿಮೆಯಾಯಿತು. ಬಟ್ಟೆ ಕೊಟ್ಟವರು ಮನೆಗೇ ಬಂದು ಕೇಳತೊಡಗಿದರು. ಅಕ್ಕ ಜಗುಲಿಯ ಮೇಲೆ ಕೂತು ನೋಡುತ್ತಿದ್ದಳು. ಅವಳಿಗೂ ಬೀದಿಗೂ ನಡುವೆ ಈಗ ಕಾರುಗಳ ಗೋಡೆ ಎದ್ದಿತ್ತು. ಬೀದಿಯಲ್ಲಿ ಹೋಗುವವರ ತಲೆ ಮಾತ್ರ ಅವಳಿಗೆ ಕಾಣುತ್ತಿತ್ತು, ಅವಳು ಅವರಿಗೆ ಕಾಣುತ್ತಿರಲಿಲ್ಲ.

ನಸೀಮಾಳ ಕೋಣೆಯಲ್ಲಿ ಚಿತ್ರಗಳು ಮುಂದುವರಿದವು. ಕೊಡೆ, ಗಿಳಿ, ಬಾಗಿಲು. ಅಕ್ಕ ಕೆಲವು ಹೇಳುತ್ತಿದ್ದಳು, ಕೆಲವು ಬಿಡುತ್ತಿದ್ದಳು. ಹೇಳಿದ್ದೂ ಪಾಠ ಒಪ್ಪಿಸಿದ ಹಾಗೆ ಇರುತ್ತಿತ್ತು. ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಬರುಬರುತ್ತ "ಅದು" ಎನ್ನುವುದನ್ನೂ ಬಿಟ್ಟಳು, ಮಂಚ ಬಡಿಯುವುದನ್ನೂ ಬಿಟ್ಟಳು. ನನಗೆ ಅದೇ ಹೆಚ್ಚು ಹೆದರಿಕೆ ತಂದದ್ದು. ನಸೀಮಾ ಒಂದು ದಿನ ನನ್ನನ್ನು ಕೇಳಿದಳು, "ದಿನಾ ಬರ್ತಿದ್ದೀರಿ, ಆದ್ರೂ ಯಾಕೋ ಅವರು ದೂರ ಹೋಗ್ತಿದ್ದಾರೆ ಅನ್ಸುತ್ತೆ. ಮೊದಲು ಹೇಗಿದ್ರು ಇವರು?"

"ಮೊದಲಾ?" ಎಂದೆ. "ಮೊದಲು ಇವಳನ್ನ ಸುಮ್ನಿರಿಸೋಕೆ ಆಗ್ತಿರಲಿಲ್ಲ."

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಂದು ದಿನ ನೀಲಿ ಕಾರಿನಲ್ಲಿ ಇಳಿಯುತ್ತಿದ್ದೆವು. ಅರ್ಧ ದಾರಿಗೆ ಬಂದಿದ್ದೆವು, ಒಂದು ಆಲದ ಮರದ ಹತ್ತಿರ ಕಾರು ನಿಟ್ಟುಸಿರು ಬಿಟ್ಟ ಹಾಗೆ ಮಾಡಿತು. ನನಗೆ ತಿಳಿದುಹೋಯಿತು. ದಾರಿಯ ಅಂಚಿಗೆ ತಿರುಗಿಸುವಷ್ಟರಲ್ಲಿ ಅದು ಮಲಗಿತು. ಮನೆಯಲ್ಲಿ ಮೂರು ಕಾರುಗಳಿದ್ದವು, ಅವುಗಳಲ್ಲಿ ಎರಡು ಎದ್ದೂ ಇದ್ದವು, ನಾವು ಇಲ್ಲಿ. ನಾನು ಇಳಿದು ಆಲದ ಎಲೆ ಕಿತ್ತು ಕಾರಿನ ಮೇಲಿಟ್ಟೆ. ಬೇರೆ ಏನು ಮಾಡುವುದೆಂದು ತೋಚದೆ ಅದರ ಟೈರಿಗೆ ಒಂದು ಒದೆ ಕೊಟ್ಟೆ. ಒಳಗಿನಿಂದ ಅಕ್ಕ ನಕ್ಕ ಸದ್ದು ಕೇಳಿತು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು.

ಸೆಕೆಯಾಗುತ್ತಿತ್ತು. ಅವಳನ್ನು ಇಳಿಸಿ, ಸೀಟಿನ ಮೆತ್ತೆಯನ್ನು ಮರದ ಬುಡದಲ್ಲಿ ಹಾಕಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿಯ ಅನಂತಯ್ಯನವರು ತಮ್ಮ ಕಾರಿನಲ್ಲಿ ಮೇಲೆ ಬರುತ್ತಿದ್ದವರು ನಿಲ್ಲಿಸಿದರು. ಗೋಧಿ ಚೀಲಗಳ ನಡುವಿನಿಂದ ಇಳಿದು ಬಂದು, "ಏನ್ ತುಂಗಮ್ಮ, ಹೇಗಿದ್ದೀರಿ? ನೋಡಿ ಎಷ್ಟು ದಿನ ಆಯ್ತು," ಎಂದರು.

ಅಕ್ಕ ಅವರ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕಿಕೊಂಡಿತು. ಆಮೇಲೆ ಸ್ಪಷ್ಟವಾಗಿ, "ಮೂರು ಒಂದು ಎಂಟು," ಎಂದಳು.

ಪಾಪ, ಏನೇನೋ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಸಮಾಧಾನ ಮಾಡಲು ಹೋದೆ. ಅನಂತಯ್ಯನವರು ನನ್ನ ಕೈ ಹಿಡಿದು ತಡೆದರು. "ತಡೀರಿ ಶೇಷಗಿರಿ. ಅದು ನಮ್ಮ ಗಿರಣಿ ನಂಬರು ಕಣ್ರೀ. ನಮ್ಮಪ್ಪನ ಕಾಲದ್ದು. ನನಗೇ ಮರೆತುಹೋಗಿತ್ತು." ಅವರು ಅಕ್ಕನ ಎದುರು ಕುಕ್ಕರಗಾಲಿನಲ್ಲಿ ಕೂತರು. "ತುಂಗಮ್ಮ, ನಮ್ಮ ಬೀಗರ ಮನೇದು ಹೇಳಿ ನೋಡೋಣ. ಬಟ್ಟೆ ಅಂಗಡಿ."

"ನಾಲ್ಕು ಸೊನ್ನೆ ಏಳು," ಎಂದಳು ಅಕ್ಕ, ತಡವರಿಸದೆ.

ಅನಂತಯ್ಯನವರು ಗಾಡಿ ತಿರುಗಿಸಿ ನಮ್ಮನ್ನು ಆಸ್ಪತ್ರೆಗೆ ಬಿಟ್ಟುಬರುತ್ತೇನೆ ಎಂದರು. ಅಕ್ಕ ಬೇಡವೆಂದು ತಲೆಯಾಡಿಸಿದಳು. ನಾನು ಎಬ್ಬಿಸಲು ಕೈಕೊಟ್ಟರೆ ಕೋಲಿನಿಂದ ನನ್ನ ಕೈಯನ್ನು ಆಚೆ ತಳ್ಳಿದಳು. ಅವಳ ಕಣ್ಣು ದಾರಿಯ ಮೇಲಿತ್ತು, ಇನ್ನು ಯಾರು ಬರುತ್ತಾರೆ ಎಂದು.

ಬಂದರು. ಮೇಲಿನಿಂದ ಇಳಿಯುವವರು, ಕೆಳಗಿನಿಂದ ಹತ್ತುವವರು, ಕಾರಿನಲ್ಲಿ ಬಂದವರು, ಗಾಡಿ ಮಲಗಿ ನಡೆದೇ ಹೊರಟವರು. ಮಲಗಿದ ಕಾರಿನ ಪಕ್ಕ ಕೂತವರನ್ನು ಮಾತಾಡಿಸದೆ ಹೋಗುವುದು ನಮ್ಮೂರ ವಾಡಿಕೆಯಲ್ಲ. ಒಬ್ಬೊಬ್ಬರನ್ನು ನೋಡಿದಾಗಲೂ ಅಕ್ಕ ಅವರ ಮನೆಯ ಹಳೆಯ ಫೋನ್ ನಂಬರು ಹೇಳಿದಳು. ಸಣ್ಣವರಾದರೆ ಅವರ ಮುಖದಲ್ಲಿ ಅಪ್ಪ ಅಮ್ಮನ ಚಹರೆ ಹುಡುಕಿ ಹೇಳಿದಳು. ಜನ ನಕ್ಕರು, ಬೆರಗಾದರು, ನನ್ನದು ಹೇಳಿ, ನಮ್ಮ ಮಾವನದು ಹೇಳಿ ಎಂದು ಸುತ್ತ ಕೂತರು. ಯಾರೋ ಬುಟ್ಟಿಯಿಂದ ಸೌತೆಕಾಯಿ ತೆಗೆದು ಹೆಚ್ಚಿಕೊಟ್ಟರು. ಕೊನೆಗೆ ಬಳೆ ಮಾರುವ ಚೆನ್ನಬಸಮ್ಮ ಬಂದಳು. ಅವಳ ಗಂಡ ದೂರದ ಬಂದರಿನಲ್ಲಿ ಕೆಲಸಕ್ಕಿದ್ದು, ತಿಂಗಳಿಗೊಮ್ಮೆ ಪಕ್ಕದ ಮನೆಯ ಫೋನಿಗೆ ಮಾತಾಡುತ್ತಿದ್ದ ಕಾಲವೊಂದಿತ್ತು. ಅಕ್ಕ ಅವಳನ್ನು ನೋಡಿ ಆ ಪಕ್ಕದ ಮನೆಯ ನಂಬರು ಹೇಳಿದಳು. ಅಲ್ಲಿಗೆ ನಿಲ್ಲಿಸಲಿಲ್ಲ. ತುಟಿ ನಡುಗಿತು, ಎಡಗೈ ಗಾಳಿಯಲ್ಲಿ ಏನನ್ನೋ ಚುಚ್ಚಿತು.

"ಟ್ರಂಕ್... ಟ್ರಂಕಾಲು," ಎಂದಳು. "ಓಡು... ಬಾ."

ಚೆನ್ನಬಸಮ್ಮ ಬಳೆಯ ಮಲಾರವನ್ನು ಕೆಳಗಿಟ್ಟು ಅಕ್ಕನನ್ನು ತಬ್ಬಿಕೊಂಡಳು. "ಹೂಂ ಕಣಕ್ಕ. ಹಂಗೇ ಪಕ್ಕದ ಮನೆ ಫೋನಲ್ಲಿ ನಂಗೂ ಕೇಳೋ ಹಾಗೆ ಕೂಗ್ತಿದ್ರಲ್ಲ ನೀವು, ಟ್ರಂಕಾಲು ಬಂದದೆ ಓಡ್ಬಾ ಅಂತ. ನಾನು ಒಲೆ ಮೇಲಿನ ಅನ್ನ ಬಿಟ್ಟು ಓಡ್ತಿದ್ದೆ."

ನಾನು ಕಾರಿನ ಆಚೆ ಬದಿಗೆ ಹೋಗಿ ನಿಂತುಕೊಂಡೆ. ಜನರೆದುರು ಅಳುವುದು ನನಗೆ ಅಭ್ಯಾಸವಿಲ್ಲ. ಅಲ್ಲಿ ನಿಂತಾಗ ಕಂಡೆ, ನಸೀಮಾ ದಾರಿಯಲ್ಲಿ ಹತ್ತಿ ಬರುತ್ತಿದ್ದಳು, ದುಪಟ್ಟಾ ತಲೆಗೆ ಸುತ್ತಿಕೊಂಡು, ಬೆವರುತ್ತ. ನಾವು ಬಾರದಿದ್ದಾಗ ಏನಾಯಿತೋ ಎಂದು ಹೊರಟವಳು, ದಾರಿಯಲ್ಲಿ ಸಿಕ್ಕವರಿಂದ ಸುದ್ದಿ ಕೇಳಿ ಹೆಜ್ಜೆ ಬೇಗಬೇಗ ಹಾಕಿದ್ದಳು. ಯಾರಿಗೂ ತಾನು ಬಂದದ್ದು ತಿಳಿಯದಂತೆ ಗುಂಪಿನ ಹಿಂದೆ ಕೂತು ಬಹಳ ಹೊತ್ತು ಕೇಳಿಸಿಕೊಂಡಳು.

"ನಾನು ಗಿಳಿ ಚಿತ್ರ ತೋರಿಸ್ತಿದ್ದೆ," ಎಂದಳು ಆಮೇಲೆ ನನ್ನ ಹತ್ತಿರ ಬಂದು. "ಇವರಿಗೆ ಗಿಳಿ ಯಾಕೆ ಬೇಕು? ಇವರ ಮಾತೆಲ್ಲ ಈ ಜನರ ಹತ್ರ ಇದೆ. ನಾನು ಮೇಲ್ಪೇಟೆಗೆ ಬಂದು, ನಿಮ್ಮ ಜಗುಲಿ ಮೇಲೇ ಕೂತು ಕಲಿಸಿದ್ರೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ನಂಬರಿಂದ ಹೆಸರು, ಹೆಸರಿಂದ ಮಾತು. ಆಸ್ಪತ್ರೆಯವರೂ ಬೇಡ ಅನ್ನಲ್ಲ. ಮೇಲೆ ಇನ್ನೂ ಮೂರು ನಾಲ್ಕು ಜನ ಇದ್ದಾರೆ, ಗಾಡಿ ಇಲ್ದೆ ಬರೋದನ್ನೇ ಬಿಟ್ಟೋರು. ಆದ್ರೆ ನನ್ನ ಗಾಡಿ ಬೇಸಿಗೇಲಿ ಮಲಗಿದ್ದು ಇನ್ನೂ ಎದ್ದಿಲ್ಲ. ದಿನಾ ಹೀಗೆ ಹತ್ತಿ ಬರೋಕಾಗುತ್ತಾ?"

ಸಂಜೆಗೆ ಅನಂತಯ್ಯನವರು ನಮ್ಮನ್ನು ಮನೆಗೆ ಮುಟ್ಟಿಸಿದರು. ನೀಲಿ ಕಾರನ್ನು ಆಲದ ಮರದ ಕೆಳಗೆ ತನ್ನ ನಿದ್ದೆ ಮುಗಿಸಲೆಂದು ಬಿಟ್ಟು ಬಂದೆವು.

ಎರಡು ದಿನ ಕಳೆದು ಕರಿಬಸಣ್ಣ ಮನೆಗೆ ಬಂದ. ನೀಲಿ ದಾರಿಯಲ್ಲಿ ಮಲಗಿದ್ದು ಅವನಿಗೂ ತಿಳಿದಿತ್ತು. ಜಗುಲಿಯ ಮೇಲೆ ಕೂತು, ಅಕ್ಕನಿಗೆ ಕೈಮುಗಿದು, ನನ್ನ ಕಡೆ ತಿರುಗಿದ. "ನಾಲ್ಕು ಅನ್ನೋದು ಸಮ ಸಂಖ್ಯೆ ಶೇಷಣ್ಣ, ಅಲ್ಲೇ ಎಡವಟ್ಟಾಗಿದ್ದು. ಐದು ಮಾಡ್ಬಿಡಿ. ಒಂದು ಹಸಿರು ಗಾಡಿ ಬಂದಿದೆ..."

"ಎರಡು," ಎಂದಳು ಅಕ್ಕ.

ಕರಿಬಸಣ್ಣನ ಮುಖ ಅರಳಿತು. "ಇನ್ನೆರಡು ಬೇಕಾ ಅಕ್ಕೋರೆ? ಕೊಡೋಣ ಅದಕ್ಕೇನಂತೆ."

ಅಕ್ಕ ಕೋಲನ್ನು ಜಗುಲಿಗೆ ಕುಟ್ಟಿದಳು. ಬೇಡ ಎಂದು ತಲೆಯಾಡಿಸಿದಳು. ಕೋಲಿನಿಂದ ಮುಂದೆ ನಿಂತ ಕಾರುಗಳಲ್ಲಿ ಒಂದನ್ನು ಮುಟ್ಟಿದಳು. "ಇಲ್ಲಿ... ಒಂದು." ಆಮೇಲೆ ಕೋಲನ್ನೆತ್ತಿ, ಮನೆಗಳ ಆಚೆ, ದಾರಿ ಇಳಿಯುವ ಕಡೆಗೆ ಚಾಚಿದಳು. "ಅಲ್ಲಿ... ಒಂದು. ಹುಡುಗಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕರಿಬಸಣ್ಣನಿಗೆ ನನಗಿಂತ ಬೇಗ ಅರ್ಥವಾಯಿತು, ವ್ಯಾಪಾರಸ್ಥನಲ್ಲವೇ. ಒಂದು ಕಾರು ಮೇಲೆ ನಮ್ಮಲ್ಲಿ, ಒಂದು ಕೆಳಗೆ ನಸೀಮಾಳ ಹತ್ತಿರ. ಅವಳದು ಎದ್ದಿದ್ದರೆ ಅವಳು ಬರುತ್ತಾಳೆ, ಮಲಗಿದ್ದರೆ ನಾವು ಇಳಿಯುತ್ತೇವೆ. ಒಂದನ್ನೊಂದು ನೋಡಿಕೊಂಡು ಮಲಗಲು ಅವು ಒಂದೇ ಅಂಗಳದಲ್ಲಿ ಇರುವುದೂ ಇಲ್ಲ. ನಾಲ್ಕು ಕಾರು ಕಟ್ಟಿಕೊಂಡು ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒದ್ದಾಡುವುದನ್ನು ಅಕ್ಕ ಅದೇ ಜಗುಲಿಯಿಂದ ನೋಡುತ್ತ, ಹೇಳಲು ಮಾತಿಲ್ಲದೆ ಕೂತಿದ್ದಳಲ್ಲ ಎಂದು ಆಗ ಹೊಳೆಯಿತು.

"ಮಾರಿದ ಗಾಡಿ ವಾಪಸು ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ," ಎಂದು ಕರಿಬಸಣ್ಣ ಗೊಣಗಿದ. ಅಕ್ಕ ಅವನನ್ನೇ ದಿಟ್ಟಿಸಿ ಅವನ ಅಪ್ಪನ ಅಂಗಡಿಯ ಫೋನ್ ನಂಬರು ಹೇಳಿದಳು. ಅಪ್ಪನ ವ್ಯಾಪಾರದ ಮಾತೆಲ್ಲ ಅವಳ ಕಿವಿಯ ಮೇಲೆಯೇ ಹೋದದ್ದೆಂದು ನೆನಪಾಗಿ ಅವನು ಬಾಯಿ ಮುಚ್ಚಿದ. ಬಿಳಿಯದನ್ನು ಅಂದೇ ಕೊಂಡೊಯ್ದ, ನೀಲಿ ಎದ್ದ ದಿನ ಅದನ್ನೂ ಆಲದ ಮರದ ಹತ್ತಿರದಿಂದಲೇ ಓಡಿಸಿಕೊಂಡು ಹೋದ. ನನ್ನ ಹೊಲಿಗೆ ಯಂತ್ರವನ್ನು ಅವನ ಮಗಳೇ ಮನೆಗೆ ತಲುಪಿಸಿದಳು. ಕೆಂಪು ಕಾರನ್ನು ನಾನು ಕೆಳಪೇಟೆಗೆ ಓಡಿಸಿಕೊಂಡು ಹೋಗಿ ನಸೀಮಾಳಿಗೆ ಕೊಟ್ಟೆ. "ಇದು ಸಾಧು ಗಾಡಿಯಂತೆ," ಎಂದೆ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, "ನನ್ನ ಗಾಡಿ ಎದ್ದ ಕೂಡ್ಲೇ ವಾಪಸು ಕೊಡ್ತೀನಿ," ಎಂದಳು. ಅವಳ ಗಾಡಿ ಇವತ್ತಿಗೂ ಎದ್ದಿಲ್ಲ.

ಅಂಗಳ ಬಯಲಾಯಿತು. ಬೀದಿಯವರಿಗೆ ಅಕ್ಕ ಕಂಡಳು. ವಾರದಲ್ಲಿ ಹೆಚ್ಚಿನ ದಿನ ನಸೀಮಾ ಮೇಲೆ ಬಂದು ಜಗುಲಿಯ ಮೇಲೆ ಅಕ್ಕನ ಪಕ್ಕ ಕೂರುತ್ತಿದ್ದಳು. ಹೋಗಿ ಬರುವವರೇ ಅವರ ಚಿತ್ರಗಳು. ನಂಬರು ಬಂತು ಎಂದರೆ ಹೆಸರು ಬರುವವರೆಗೂ ಆ ಮನುಷ್ಯ ಮೆಟ್ಟಿಲ ಹತ್ತಿರ ನಿಲ್ಲಬೇಕು. ಸೋಮಶೇಖರಯ್ಯನವರು ತಮ್ಮ ಹೆಸರು ಉದ್ದ ಎಂದು ಒಂದು ವಾರ ನಿಂತರು. ಕೆಂಪು ಮಲಗಿದಾಗ ನಾವು ಬೂದು ಕಾರಿನಲ್ಲಿ ಇಳಿದು ಹೋದೆವು, ಬೂದು ಮಲಗಿದ್ದು ಎಷ್ಟೋ ಸಲ ನನ್ನ ಗಮನಕ್ಕೇ ಬರಲಿಲ್ಲ. ಅಂಗಡಿಯಲ್ಲಿ ಬಾಕಿ ಬಿದ್ದ ಬಟ್ಟೆಗಳನ್ನು ಹೊಲಿದು ಮುಗಿಸಿದೆ. ಅಕ್ಕನ ಬಾಯಲ್ಲಿ ಹೆಸರುಗಳು ಬಂದವು, ಬಾ, ಹೋಗು, ಕೂತ್ಕೋ ಬಂದವು, ಕೇಳಿದ್ದಕ್ಕೆ ಹೌದು ಇಲ್ಲ ಬಂತು. ತಾನಾಗಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಎರಡೂ ಒಟ್ಟಿಗೆ ಮಲಗುವ ದಿನ ಬರದೆ ಇರುತ್ತದೆಯೇ? ಚಳಿಗಾಲದಲ್ಲಿ ಬಂತು. ಬೂದು ಕಾರು ಹಿಂದಿನ ದಿನವೇ ಮಲಗಿತ್ತು. ನಸೀಮಾ ಬರುವ ಹೊತ್ತು ಮೀರಿತು. ಬಿಸಿಲು ಜಗುಲಿ ಹತ್ತಿದ ಮೇಲೆ ಕೆಳಗಿನಿಂದ ಬಂದ ಹಾಲಿನವನು ಹೇಳಿದ, "ಆಸ್ಪತ್ರೆ ಮೇಡಮ್ಮೋರ ಗಾಡಿ ಮಲಗ್ಯದೆ. ನಡ್ಕೊಂಡು ಬತ್ತಾವ್ರೆ."

"ಅಯ್ಯೋ," ಎಂದು ನಾನು ಎದ್ದೆ, ಸೋಮಶೇಖರಯ್ಯನವರನ್ನು ಕೇಳೋಣವೇ ಬೇಡವೇ ಎಂದು ಯೋಚಿಸುತ್ತ. ತಿರುಗಿ ನೋಡಿದರೆ ಅಕ್ಕ ಆಗಲೇ ಕೋಲು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. "ಎಲ್ಲಿಗೆ?" ಎಂದೆ. ಕೋಲನ್ನು ಇಳಿಜಾರಿನ ಕಡೆ ತೋರಿಸಿದಳು. ಅಷ್ಟು ದೂರ ಅವಳು ನಡೆದಿರಲಿಲ್ಲ. ಬೇಡ ಎಂದರೆ ಕೇಳುವವಳೂ ಅಲ್ಲ. ಮಧ್ಯಾಹ್ನಕ್ಕೆಂದು ಮಾಡಿದ್ದ ಅಕ್ಕಿರೊಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು, ನೀರಿನ ಚೊಂಬು ಹಿಡಿದು ಅವಳ ಪಕ್ಕದಲ್ಲಿ ಹೊರಟೆ. ಅವಳು ನಿಂತಲ್ಲಿ ನಿಂತೆ, ಕೂತಲ್ಲಿ ಕೂತೆ. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಊರಿನ ಕೊನೆಯ ಮನೆ ದಾಟಿ, ಮೊದಲ ತಿರುವಿನ ಮೋರಿಯ ಕಟ್ಟೆ ಸಿಗುವ ಹೊತ್ತಿಗೆ ಅವಳ ಕಾಲು ನಡುಗುತ್ತಿತ್ತು. ಕಟ್ಟೆಯ ಮೇಲೆ ಕೂರಿಸಿದೆ.

ನಸೀಮಾ ಹತ್ತಿ ಬಂದಳು. ಕೆಳಗಿನ ದಾರಿಯಿಡೀ ಅವಳೇ ನಡೆದಿದ್ದಳು, ನಾವು ಇಳಿದದ್ದು ಊರಿನ ಅಂಚಿನವರೆಗೆ ಮಾತ್ರ. ನಮ್ಮನ್ನು ಅಲ್ಲಿ ಕಂಡು ಅವಳಿಗೆ ಆಶ್ಚರ್ಯವೋ ಸಿಟ್ಟೋ ತಿಳಿಯಲಿಲ್ಲ. "ಇಷ್ಟು ದೂರ ನಡೆಸ್ಕೊಂಡು ಬರೋದಾ?" ಎಂದು ನನ್ನನ್ನು ಗದರಿಸಿ, ಏದುಸಿರು ಬಿಡುತ್ತ ಅಕ್ಕನ ಪಕ್ಕ ಕೂತು ದುಪಟ್ಟಾದಿಂದ ಮುಖ ಒರೆಸಿಕೊಂಡಳು.

ಅಕ್ಕ ಅವಳ ಮುಖವನ್ನು ನೋಡಿದಳು. ಎಡಗೈಯಿಂದ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನಂಬರು ಹೇಳುವಾಗ ಗಂಟಿಕ್ಕುತ್ತಿದ್ದ ಹುಬ್ಬು ಈಗ ಗಂಟಿಕ್ಕಲಿಲ್ಲ.

"ನೀನು ತಿಂಡಿ ತಿಂದ್ಯಾ?" ಎಂದಳು.

ನಸೀಮಾ ದುಪಟ್ಟಾ ಕೆಳಗಿಳಿಸಿದಳು. ನನ್ನನ್ನು ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು. "ಇಲ್ಲಮ್ಮ," ಎಂದಳು ಕೊನೆಗೆ. "ಬೇಗ ಹೊರಟೆ. ತಿನ್ನಲಿಲ್ಲ."

ಅಕ್ಕ ನನ್ನ ಕಡೆ ತಿರುಗಿ ಡಬ್ಬಿಯತ್ತ ಕೋಲು ತೋರಿಸಿದಳು. ನಾನು ಮುಚ್ಚಳ ತೆಗೆದೆ. ಮೂವರೂ ಮೋರಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದೆವು. ಅರ್ಧ ತಿಂದಿರಬೇಕು, ಮೇಲಿನಿಂದ ಅನಂತಯ್ಯನವರ ಕಾರು ಬಂದು ನಿಂತಿತು. ಕಿಟಕಿಯಿಂದ ತಲೆ ಹೊರಹಾಕಿ, "ಗಾಡಿ ಮಲಗಿದ್ಯಾ? ಬನ್ನಿ, ತಿರುಗಿಸ್ಕೊಂಡು ಮನೆಗೆ ಬಿಟ್ಟು ಹೋಗ್ತೀನಿ," ಎಂದರು.

"ಆಮೇಲೆ," ಎಂದಳು ಅಕ್ಕ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಅವಳು ತಿನ್ನಲಿ."